ಮೆಕ್ಕೆಜೋಳಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ಯೂರಿಯಾ ಎಷ್ಟು ಬೇಕು? ಲೆಕ್ಕ ಹಾಕುವುದು ಹೀಗೆ

"ಎರಡು ಲೋಡ್ ಗೊಬ್ಬರ ಹೊಡೆಸಿದ್ದೀನಿ, ಇನ್ನೂ ಯೂರಿಯಾ ಬೇಕಾ?" ಮೆಕ್ಕೆಜೋಳದ ಬಿತ್ತನೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಬ್ಬರ ಉಲ್ಟಾ ಪ್ರಶ್ನೆ: "ಡಿಎಪಿ, ಯೂರಿಯಾ ಸರಿಯಾಗಿ ಕೊಡ್ತೀನಲ್ಲ, ಗೊಬ್ಬರ ಹೊರೋ ಕಷ್ಟ ಯಾಕೆ?" ಇಬ್ಬರಿಗೂ ಒಂದೇ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಚಿಕ್ಕ ಉತ್ತರ ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಕೊಟ್ಟಿಗೆ ಗೊಬ್ಬರದಿಂದ ಉಳಿಯುವ ಯೂರಿಯಾ ತೀರಾ ಕಡಿಮೆ. ಉಳಿಯುವ ಪೊಟ್ಯಾಷ್ ಮಾತ್ರ ಜಾಸ್ತಿ. ಆದರೂ ಗೊಬ್ಬರ ಹಾಕಲೇಬೇಕು, ಯಾಕೆಂದರೆ ನೀವು ದುಡ್ಡು ಕೊಟ್ಟು ತಂದ ಯೂರಿಯಾ ಹೊಲದಲ್ಲೇ ನಿಲ್ಲಬೇಕಾದರೆ ಅದು ಬೇಕು.

ಒಂದು ಮಾತು. ಮುಂದೆ ಬರೀ "ಗೊಬ್ಬರ" ಅಂದರೆ ಕೊಟ್ಟಿಗೆ ಗೊಬ್ಬರ. ಚೀಲದಲ್ಲಿ ಬರುವುದಕ್ಕೆ, ಅಂದರೆ ಸಾರಜನಕ ಕೊಡುವ ಯೂರಿಯಾ, ಸಾರಜನಕ ರಂಜಕ ಎರಡೂ ಕೊಡುವ ಡಿಎಪಿ, ಇಂಥವಕ್ಕೆ "ರಸಗೊಬ್ಬರ" ಅಂತಲೇ ಬರೆಯುತ್ತೇನೆ.

ಎರಡೂ ಯಾಕೆ ಬೇಕು?

ಮೆಕ್ಕೆಜೋಳ ಹೊಟ್ಟೆಬಾಕ ಬೆಳೆ. ಒಂದು ಟನ್ ಕಾಳು ಬರಬೇಕಾದರೆ ಇಡೀ ಗಿಡ ಸುಮಾರು 20ರಿಂದ 25 ಕೆಜಿ ಸಾರಜನಕ ಎಳೆದುಕೊಳ್ಳುತ್ತದೆ. ಅದೂ ಒಂದೇ ಸಮನೆ ಅಲ್ಲ. ಮೊದಲ ಮೂರು ವಾರ ಅದರ ಹಸಿವು ಗೊತ್ತೇ ಆಗುವುದಿಲ್ಲ. ಮಂಡಿಯುದ್ದ ಆಯಿತು ಅಂದರೆ ಅಲ್ಲಿಂದ ಸೂಲಂಗಿ ಬರುವವರೆಗೆ ಗಬಗಬ ತಿನ್ನುತ್ತದೆ. ಸೂಲಂಗಿ ಅಂದರೆ ಗಿಡದ ನೆತ್ತಿಯಲ್ಲಿ ಬರುವ ಗಂಡು ಹೂವು.

ಗೊಬ್ಬರ ಈ ವೇಗಕ್ಕೆ ಸರಿಸಾಟಿ ಆಗಲಾರದು. ಅದರಲ್ಲಿರುವ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಒಡೆದ ಮೇಲಷ್ಟೇ ಬೇರಿಗೆ ಸಿಗುತ್ತದೆ. ರಸಗೊಬ್ಬರದ್ದು ಇದರ ತದ್ವಿರುದ್ಧ. ಬೇಗ ಸಿಗುತ್ತದೆ, ಬೇಗ ಕಳೆದೂ ಹೋಗುತ್ತದೆ. ಯೂರಿಯಾ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ, ಒಂದಿಷ್ಟು ನೈಟ್ರೇಟ್ ಆಗಿ ನೀರಿನ ಜೊತೆ ಬೇರು ಮುಟ್ಟದ ಆಳಕ್ಕೆ ಇಳಿದುಬಿಡುತ್ತದೆ. ಗೊಬ್ಬರ ತಿಂದ ಮಣ್ಣು ನೀರನ್ನೂ ಪೋಷಕಾಂಶವನ್ನೂ ಹಿಡಿದುಕೊಳ್ಳುತ್ತದೆ. ರಂಜಕ ಮಣ್ಣಿಗೆ ಅಂಟಿಕೊಂಡು ಕೆಲಸಕ್ಕೆ ಬಾರದಂತೆ ಆಗುವುದೂ ಕಡಿಮೆಯಾಗುತ್ತದೆ.

ಇದು ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಒಂದು ತುಂಡು ಹೊಲವನ್ನು ನೋಡಬೇಕು. ಅಲ್ಲಿ ಬಾರ್ಲಿ ಬೆಳೆಗೆ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದರು. ಗೊಬ್ಬರವನ್ನೇ ಕಾಣದ ಪಕ್ಕದ ತುಂಡಿಗಿಂತ ಅದರ ಮಣ್ಣಿನಲ್ಲಿ ಸಾವಯವ ಇಂಗಾಲ ಜಾಸ್ತಿ ಇರುವುದು ನೂರು ವರ್ಷ ಕಳೆದ ಮೇಲೂ ಅಳತೆಗೆ ಸಿಕ್ಕಿತು. ಒಂದೇ ಬೆಳೆಯ ಲಾಭನಷ್ಟ ನೋಡಿ ಗೊಬ್ಬರದ ಬೆಲೆ ಕಟ್ಟಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಏನೇನು ಇಟ್ಟುಕೊಳ್ಳಬೇಕು?

ಮಣ್ಣು ಪರೀಕ್ಷೆಯ ಚೀಟಿ, ಒಂದು ತಕ್ಕಡಿ, 10 ಲೀಟರಿನ ಬಕೆಟ್, ಅಳತೆ ಟೇಪ್, ಬರೆದಿಡಲು ಒಂದು ಪುಸ್ತಕ. ಮಣ್ಣು ಪರೀಕ್ಷೆ ಮಾಡಿಸಿಲ್ಲ ಅಂದರೆ ನಿಮ್ಮ ಕಡೆ ಮೆಕ್ಕೆಜೋಳಕ್ಕೆ ಶಿಫಾರಸು ಮಾಡಿದ ಪ್ರಮಾಣವನ್ನು ಹಿಡಿದು ನಡೆಯಬಹುದು. ಆದರೆ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ರಂಜಕ ಆಗಲೇ ತುಂಬಿರುವ ಹೊಲಕ್ಕೆ ಮತ್ತೆ ಮತ್ತೆ ಡಿಎಪಿ ಸುರಿಯುವವರು ಬಹಳ ಜನ ಇದ್ದಾರೆ.

ಹಂತ 1: ಗೊಬ್ಬರ ಕಳಿತಿದೆಯಾ ನೋಡಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಧಂಬರ್ಧ ಕಳಿತ, ಹುಲ್ಲು ಕಡ್ಡಿ ತುಂಬಿದ ಗೊಬ್ಬರ ಹಾಕಿದರೆ ಅದು ಕೊಡುವುದಲ್ಲ, ಕಿತ್ತುಕೊಳ್ಳುತ್ತದೆ. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅದನ್ನು ಕಳಿಯಿಸಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಮಣ್ಣಿನಲ್ಲಿ ಇದ್ದದ್ದನ್ನೇ ಅವು ಬಳಸಿಕೊಳ್ಳುತ್ತವೆ. ಇಂಗಾಲ ಮತ್ತು ಸಾರಜನಕದ ಅನುಪಾತ 30ಕ್ಕಿಂತ ಮೇಲಿದ್ದರೆ ಹೀಗಾಗುತ್ತದೆ, 20ಕ್ಕಿಂತ ಕೆಳಗಿದ್ದರೆ ಗೊಬ್ಬರ ಸಾರಜನಕ ಬಿಟ್ಟುಕೊಡುತ್ತದೆ. ನಾನೇ ಒಮ್ಮೆ ಅವಸರ ಮಾಡಿ ಹಸಿ ಗೊಬ್ಬರ ಹಾಕಿಸಿದ್ದೆ. ಹುಟ್ಟಿದ ಪೈರು ತಿಂಗಳಾಗುವಷ್ಟರಲ್ಲಿ ಹಳದಿ. ಪಕ್ಕದಲ್ಲಿ ಗೊಬ್ಬರ ಬೀಳದ ಬದುವಿನ ಅಂಚಿನ ಸಾಲು ಮಾತ್ರ ಹಸಿರಾಗಿ ನಿಂತು ನನ್ನನ್ನು ಅಣಕಿಸುವ ಹಾಗಿತ್ತು.

ಪ್ರಯೋಗಾಲಯ ಬೇಡ, ಕೈಯಲ್ಲೇ ಪರೀಕ್ಷೆ ಮಾಡಿ. ತಿಪ್ಪೆಯ ಮೇಲ್ಭಾಗ ಬೇಡ, ಮೊಳದಷ್ಟು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಬಿಸಿ ಇರಬಾರದು. ಕಪ್ಪು ಕಂದು ಬಣ್ಣ ಇರಬೇಕು. ಹುಲ್ಲು ಯಾವುದು, ಸಗಣಿ ಯಾವುದು ಅಂತ ಗುರುತು ಸಿಗಬಾರದು. ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಆ ಹಿಡಿಯನ್ನು ಸ್ವಲ್ಪ ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೂಗಿಗೆ ಘಾಟು ಹೊಡೆದರೆ ಇನ್ನೂ ಕಳಿತಿಲ್ಲ.

ಹಸಿ ಗೊಬ್ಬರದ ಜೊತೆ ಕಳೆ ಬೀಜ ಬರುತ್ತದೆ, ಗೊಣ್ಣೆ ಹುಳು ಬರುತ್ತದೆ. ಗೊಣ್ಣೆ ಹುಳು ಅಂದರೆ ಬೇರು ಕಡಿಯುವ, ಬಿಳಿ, ಬಾಗಿದ ಮರಿಹುಳು. ಕೆದಕಿದಾಗ ಕಂಡರೆ ಆರಿಸಿ ತೆಗೆಯಿರಿ.

ಎಚ್ಚರ: ತಿಪ್ಪೆಗೆ ಬೂದಿ, ಸುಣ್ಣ ಸುರಿಯಬೇಡಿ. ಅವು ಕ್ಷಾರ, ಸಾರಜನಕವನ್ನು ಅಮೋನಿಯಾ ಮಾಡಿ ಹಾರಿಸುತ್ತವೆ. ಬೂದಿ ಇದ್ದರೆ ಬೇರೆಯಾಗಿ ಹೊಲಕ್ಕೆ ಹಾಕಿ. ಗಂಜಲವನ್ನು ಮಾತ್ರ ಬಿಡಬೇಡಿ, ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಅದರಲ್ಲೇ ಇರುತ್ತದೆ.

ಹಂತ 2: "ಲೋಡ್" ಅನ್ನುವುದನ್ನು ಕೆಜಿಗೆ ತನ್ನಿ

ಲೋಡ್ ಅನ್ನುವುದು ಅಳತೆಯೇ ಅಲ್ಲ. ಒಬ್ಬರ ಲೋಡ್ ಇನ್ನೊಬ್ಬರ ಒಂದೂವರೆ ಲೋಡ್ ಆಗಿರಬಹುದು. ಒದ್ದೆ ಇದ್ದರೆ ನೀರಿನ ತೂಕ, ಮಣ್ಣು ಬೆರೆತಿದ್ದರೆ ಮಣ್ಣಿನ ತೂಕ.

10 ಲೀಟರ್ ಬಕೆಟ್ಟಿಗೆ ಗೊಬ್ಬರವನ್ನು ಟ್ರೈಲರಿನಲ್ಲಿ ಇರುವಷ್ಟೇ ಬಿಗಿಯಾಗಿ ತುಂಬಿ ತೂಗಿ. ಖಾಲಿ ಬಕೆಟ್ ತೂಕ ಕಳೆದು 100ರಿಂದ ಗುಣಿಸಿ. ಅದು ಒಂದು ಘನ ಮೀಟರಿನ ತೂಕ. ಈಗ ಟ್ರೈಲರಿನ ಉದ್ದ, ಅಗಲ, ಗೊಬ್ಬರದ ಎತ್ತರ ಮೂರನ್ನೂ ಮೀಟರಿನಲ್ಲಿ ಅಳೆದು ಗುಣಿಸಿ. ಬಕೆಟ್ ಗೊಬ್ಬರ 6 ಕೆಜಿ ತೂಗಿತು, ಟ್ರೈಲರಿನಲ್ಲಿ 4 ಘನ ಮೀಟರ್ ಇದೆ ಅಂದುಕೊಳ್ಳಿ. 600ನ್ನು 4ರಿಂದ ಗುಣಿಸಿದರೆ 2,400 ಕೆಜಿ. ನಿಮ್ಮ ಲೋಡ್ ಈಗ ಎರಡೂವರೆ ಟನ್‌ಗೆ ಸ್ವಲ್ಪ ಕಡಿಮೆ ಅಂತ ಗೊತ್ತಾಯಿತು.

ಹಂತ 3: ಕೂಡುವ ಕಳೆಯುವ ಲೆಕ್ಕ

ಮೊದಲು ಚೀಲದ ಮೇಲಿನ ಅಂಕಿ ಓದುವುದು ಕಲಿಯೋಣ. ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟಿದೆ ಅಂತ ಹೇಳುತ್ತವೆ. ಇದನ್ನೇ ಎನ್‌ಪಿಕೆ ಅನ್ನುವುದು. ಡಿಎಪಿ 18-46-0, ಅಂದರೆ 100 ಕೆಜಿಯಲ್ಲಿ 18 ಕೆಜಿ ಸಾರಜನಕ, 46 ಕೆಜಿ ರಂಜಕ. ಯೂರಿಯಾದಲ್ಲಿ ಸಾರಜನಕ ಶೇ. 46. ಎಂಒಪಿ ಅಂತ ಬರುವ ಕೆಂಪು ಅಥವಾ ಬಿಳಿ ಪೊಟ್ಯಾಷ್‌ನಲ್ಲಿ ಶೇ. 60.

ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕೆಜಿ ಸಾರಜನಕ, 2ರಿಂದ 2.5 ಕೆಜಿ ರಂಜಕ, 5 ಕೆಜಿ ಪೊಟ್ಯಾಷ್ ಇರುತ್ತದೆ. ಇದ್ದದ್ದೆಲ್ಲ ಈ ಬೆಳೆಗೇ ಸಿಗುವುದಿಲ್ಲ. ಮೊದಲ ಬೆಳೆಗೆ ಸಾರಜನಕದಲ್ಲಿ ಕಾಲು ಭಾಗ, ರಂಜಕದಲ್ಲಿ ಅರ್ಧ, ಪೊಟ್ಯಾಷ್‌ನಲ್ಲಿ ಮುಕ್ಕಾಲು ಅಂತ ಹಿಡಿಯಿರಿ. ಇದು ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಸಾಕು.

ಈಗ ಉದಾಹರಣೆ. ಎಕರೆಗೆ 60 ಕೆಜಿ ಸಾರಜನಕ, 30 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್ ಕೊಡಬೇಕು ಅಂದುಕೊಳ್ಳಿ. ನಿಮ್ಮ ಹತ್ತಿರ ಎಕರೆಗೆ 4 ಟನ್ ಗೊಬ್ಬರ ಇದೆ.

4 ಟನ್‌ನಲ್ಲಿ ಸಾರಜನಕ 20 ಕೆಜಿ ಇದೆ, ಈ ಬೆಳೆಗೆ ಸಿಗುವುದು 5. ರಂಜಕ 10 ಕೆಜಿ ಇದೆ, ಸಿಗುವುದು 5. ಪೊಟ್ಯಾಷ್ 20 ಕೆಜಿ ಇದೆ, ಸಿಗುವುದು 15. ಗುರಿಯಿಂದ ಇವನ್ನು ಕಳೆದರೆ ರಸಗೊಬ್ಬರದಿಂದ ಬರಬೇಕಾದದ್ದು ಸಾರಜನಕ 55, ರಂಜಕ 25, ಪೊಟ್ಯಾಷ್ 5.

ಮೊದಲು ರಂಜಕದ ಲೆಕ್ಕ ಮುಗಿಸಿ. 25 ಕೆಜಿಗೆ 54 ಕೆಜಿ ಡಿಎಪಿ ಬೇಕು. ಅದರ ಜೊತೆಗೇ ಸುಮಾರು 10 ಕೆಜಿ ಸಾರಜನಕ ಬಂತು. ಉಳಿದದ್ದು 45 ಕೆಜಿ, ಅದಕ್ಕೆ 98 ಕೆಜಿ ಯೂರಿಯಾ. ಪೊಟ್ಯಾಷ್ 5 ಕೆಜಿಗೆ 8 ಕೆಜಿ ಎಂಒಪಿ.

ಗೊಬ್ಬರವೇ ಇಲ್ಲದಿದ್ದರೆ ಎಷ್ಟಾಗುತ್ತಿತ್ತು? 65 ಕೆಜಿ ಡಿಎಪಿ, 105 ಕೆಜಿ ಯೂರಿಯಾ, 33 ಕೆಜಿ ಎಂಒಪಿ. ಹೋಲಿಸಿ ನೋಡಿ. ಯೂರಿಯಾ ಉಳಿದದ್ದು ಬರೀ 7 ಕೆಜಿ! ಎಂಒಪಿ ಉಳಿದದ್ದು 25 ಕೆಜಿ. ಗೊಬ್ಬರ ಹಾಕಿದೆ ಅಂತ ಯೂರಿಯಾವನ್ನು ಅರ್ಧಕ್ಕೆ ಇಳಿಸಿದವರ ತೆನೆ ಯಾಕೆ ಸಣ್ಣದಾಗುತ್ತದೆ ಅಂತ ಈಗ ಗೊತ್ತಾಯಿತು ಅಲ್ವಾ?

ಪ್ರತಿ ವರ್ಷ ಅದೇ ಹೊಲಕ್ಕೆ ಗೊಬ್ಬರ ಹಾಕುತ್ತಾ ಬಂದವರ ಕಥೆ ಬೇರೆ. ಹೋದ ವರ್ಷದ ಗೊಬ್ಬರದಿಂದ ಈ ವರ್ಷವೂ ಸಾರಜನಕದ ಸುಮಾರು ಹತ್ತನೇ ಒಂದು ಭಾಗ ಸಿಗುತ್ತದೆ, ಅದರ ಹಿಂದಿನ ವರ್ಷದ್ದು ಇನ್ನೂ ಸ್ವಲ್ಪ. ಮೂರು ನಾಲ್ಕು ವರ್ಷ ಬಿಡದೆ ಹಾಕಿದ ಮೇಲೆ ಯೂರಿಯಾ ಇಳಿಸುವ ಮಾತಾಡಬಹುದು. ಅದನ್ನೂ ಅಂದಾಜಿನ ಮೇಲೆ ಬೇಡ, ಹಂತ 8ರ ಹಾಗೆ ನೋಡಿಕೊಂಡು ಮಾಡಿ.

ಕೋಳಿ ಗೊಬ್ಬರ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಒಣಗಿದ ಕೋಳಿ ಗೊಬ್ಬರದಲ್ಲಿ ಟನ್‌ಗೆ 20ರಿಂದ 30 ಕೆಜಿ ಸಾರಜನಕ, ಹೆಚ್ಚುಕಡಿಮೆ ಅಷ್ಟೇ ರಂಜಕ ಇರುತ್ತದೆ. ಸಾರಜನಕದ ಅರ್ಧ ಮೊದಲ ಬೆಳೆಗೇ ಸಿಗುತ್ತದೆ. ಅಂದರೆ ಒಂದು ಟನ್ ಕೋಳಿ ಗೊಬ್ಬರ 4 ಟನ್ ಕೊಟ್ಟಿಗೆ ಗೊಬ್ಬರ ಮೊದಲ ಬೆಳೆಗೆ ಕೊಡುವುದರ ಎರಡರಿಂದ ಮೂರು ಪಟ್ಟು ಸಾರಜನಕ ಕೊಡುತ್ತದೆ. ಆದರೆ ಇದನ್ನೇ ವರ್ಷ ವರ್ಷ ರಾಶಿ ಹಾಕಿದರೆ ರಂಜಕ ಮಿತಿಮೀರಿ ಕೂಡಿಕೊಳ್ಳುತ್ತದೆ. ಕೋಳಿ ಗೊಬ್ಬರ ಹಾಕಿದ ಹೊಲಕ್ಕೆ ಡಿಎಪಿ ಬೇಕೇ ಅಂತ ಮೊದಲು ಕೇಳಿಕೊಳ್ಳಿ.

ಹಂತ 4: ಹರಡಿದ ದಿನವೇ ಮಣ್ಣಿಗೆ ಸೇರಿಸಿ

ಬಿತ್ತನೆಗೆ ಎರಡು ಮೂರು ವಾರ ಮೊದಲು ಗೊಬ್ಬರ ಹೊಲಕ್ಕೆ ಹೋಗಲಿ. ಎಕರೆಗೆ 4 ಟನ್ ಅಂದರೆ ನೆನಪಿಡಲು ಸುಲಭ: ಒಂದು ಚದರ ಮೀಟರಿಗೆ ಒಂದು ಕೆಜಿ. ಎರಡು ಕೈ ತುಂಬಾ ಹಿಡಿದಷ್ಟೇ. 20 ಕೆಜಿ ಹಿಡಿಯುವ ಬುಟ್ಟಿ ಇದ್ದರೆ 4 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗಕ್ಕೆ ಒಂದು ಬುಟ್ಟಿ. ಮೊದಲ ನಾಲ್ಕೈದು ಬುಟ್ಟಿ ಹೀಗೆ ಅಳೆದು ಸುರಿದರೆ ಆಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ.

ಗೊಬ್ಬರ ಅಷ್ಟಿಲ್ಲ, ಒಂದೂವರೆ ಟನ್ ಮಾತ್ರ ಇದೆ ಅನ್ನುವವರು ಇಡೀ ಹೊಲಕ್ಕೆ ಉದುರಿಸಬೇಡಿ. ಬಿತ್ತುವ ಸಾಲಿನಲ್ಲಿ ಮಾತ್ರ ಹಾಕಿ. ಇಲ್ಲವೇ ಈ ವರ್ಷ ಹೊಲದ ಮೂರನೇ ಒಂದು ಭಾಗಕ್ಕೆ ಪೂರ್ತಿ ಕೊಟ್ಟು, ಮುಂದಿನ ವರ್ಷ ಇನ್ನೊಂದು ಭಾಗಕ್ಕೆ ಕೊಡಿ. ನನ್ನ ಒಲವು ಸಾಲಿಗೆ ಹಾಕುವ ಕಡೆಗೇ.

ಸಣ್ಣ ಸಣ್ಣ ಗುಡ್ಡೆ ಮಾಡಿ ವಾರಗಟ್ಟಲೆ ಬಿಡುವುದು ಬಹಳ ಕಡೆ ಕಾಣುವ ತಪ್ಪು. ಬಿಸಿಲಿಗೆ ಅಮೋನಿಯಾ ಹಾರುತ್ತದೆ, ಮಳೆಗೆ ಪೊಟ್ಯಾಷ್ ತೊಳೆದು ಗುಡ್ಡೆಯ ಬುಡದಲ್ಲೇ ಇಳಿಯುತ್ತದೆ. ಅಂಥ ಹೊಲದಲ್ಲಿ ಬೆಳೆ ಬಂದಾಗ ನೋಡಿ, ಗುಡ್ಡೆ ಇದ್ದ ಜಾಗದಲ್ಲಿ ಮಾತ್ರ ಕಡು ಹಸಿರು ಚುಕ್ಕೆ, ಉಳಿದಲ್ಲಿ ಸಪ್ಪೆ. ಬೆಳಿಗ್ಗೆ ಹರಡಿ, ಸಂಜೆಯೊಳಗೆ ನೇಗಿಲು ಅಥವಾ ಕುಂಟೆ ಹೊಡೆಯಿರಿ.

ಸತುವಿನ ಕೊರತೆ ಇದ್ದರೆ ಎಕರೆಗೆ 8ರಿಂದ 10 ಕೆಜಿ ಸತುವಿನ ಸಲ್ಫೇಟ್ ಅನ್ನು ಗೊಬ್ಬರದ ಜೊತೆಯೇ ಬೆರೆಸಿ ಹರಡಿ. ಇದನ್ನು ಡಿಎಪಿ ಜೊತೆ ಯಾವತ್ತೂ ಬೆರೆಸಬೇಡಿ. ಸತುವೂ ರಂಜಕವೂ ಸೇರಿ ಕರಗದ ವಸ್ತುವಾಗುತ್ತವೆ, ಎರಡೂ ದಂಡ.

ಹಂತ 5: ಬಿತ್ತನೆ ದಿನದ ತಳಗೊಬ್ಬರ

ತಳಗೊಬ್ಬರ ಅಂದರೆ ಬಿತ್ತುವಾಗಲೇ ಮಣ್ಣಿಗೆ ಹೋಗುವ ರಸಗೊಬ್ಬರ. ಡಿಎಪಿ ಪೂರ್ತಿ 54 ಕೆಜಿ, ಎಂಒಪಿ ಪೂರ್ತಿ, ಯೂರಿಯಾದಲ್ಲಿ 20 ಕೆಜಿ ಮಾತ್ರ. ರಂಜಕ ಮಣ್ಣಿನಲ್ಲಿ ಓಡಾಡುವುದಿಲ್ಲ, ಹಾಕಿದ ಜಾಗದಲ್ಲೇ ಕೂರುತ್ತದೆ. ಹಾಗಾಗಿ ಬೇರು ಹೋಗುವ ದಾರಿಯಲ್ಲೇ ಇಡಬೇಕು. ಬೀಜದಿಂದ 5 ಸೆಂಟಿಮೀಟರ್ ಪಕ್ಕಕ್ಕೆ, 5 ಸೆಂಟಿಮೀಟರ್ ಕೆಳಕ್ಕೆ, ಅಂದರೆ ಮೂರು ಬೆರಳಗಲ.

ಬೀಜಕ್ಕೆ ತಾಗಿದರೆ ಉಪ್ಪಿನ ಅಂಶಕ್ಕೆ, ಅಮೋನಿಯಾಕ್ಕೆ ಮೊಳಕೆ ಸುಡುತ್ತದೆ. ಹದ ಕಡಿಮೆ ಇದ್ದರಂತೂ ಇನ್ನೂ ಜಾಸ್ತಿ. "ಬೀಜ ಸರಿ ಇಲ್ಲ" ಅಂತ ದೂರುವ ಮೊದಲು ಹುಟ್ಟದ ಜಾಗದಲ್ಲಿ ಮಣ್ಣು ಕೆದಕಿ ನೋಡಿ. ಬೀಜದ ಪಕ್ಕದಲ್ಲೇ ಡಿಎಪಿ ಕಾಳು ಕಾಣಿಸಬಹುದು.

ಹಂತ 6: ಮೇಲುಗೊಬ್ಬರ, ಎರಡು ಕಂತು

ಬೆಳೆ ನಿಂತಿರುವಾಗ ಕೊಡುವುದು ಮೇಲುಗೊಬ್ಬರ. ಉಳಿದ 78 ಕೆಜಿ ಯೂರಿಯಾವನ್ನು ಎರಡು ಸಲ ಕೊಡಿ.

ಮೊದಲ ಕಂತು 45 ಕೆಜಿ, ಮಂಡಿಯುದ್ದ ಆದಾಗ, ಸುಮಾರು 30 ದಿನಕ್ಕೆ. ಇದನ್ನು ತಪ್ಪಿಸಬೇಡಿ. ತೆನೆಯಲ್ಲಿ ಎಷ್ಟು ಸಾಲು ಕಾಳು ಅನ್ನುವುದನ್ನು ಗಿಡ ಇದರ ಆಸುಪಾಸಿನಲ್ಲೇ ತೀರ್ಮಾನ ಮಾಡಿಕೊಳ್ಳುತ್ತದೆ. ಎರಡನೇ ಕಂತು 33 ಕೆಜಿ, ಸೂಲಂಗಿ ಇಣುಕುವ ಹೊತ್ತಿಗೆ, 50 ದಿನದ ಸುಮಾರಿಗೆ. ದಿನಕ್ಕಿಂತ ಗಿಡವನ್ನೇ ನೋಡಿ, ಚಳಿ ಇದ್ದರೆ ತಡ ಆಗುತ್ತದೆ.

ಕಳೆ ತೆಗೆದ ಮೇಲೆ ಯೂರಿಯಾ ಹಾಕಿ, ಮೊದಲಲ್ಲ. ಇಲ್ಲದಿದ್ದರೆ ಕಳೆಗೇ ಹಬ್ಬ. ಗಿಡದಿಂದ ಒಂದು ಗೇಣು ಬಿಟ್ಟು ಸಾಲಿನ ಪಕ್ಕ ಉದುರಿಸಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಮಣ್ಣಿನಲ್ಲಿ ಯೂರಿಯೇಸ್ ಅನ್ನುವ ಒಂದು ಕಿಣ್ವ ಇರುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಗೊಬ್ಬರದಲ್ಲಿ ಈ ಕಿಣ್ವ ಜಾಸ್ತಿ. ಹಾಗಾಗಿ ಮೇಲೆ ಬಿದ್ದಿರುವ ಗೊಬ್ಬರದ ಮೇಲೆ ಯೂರಿಯಾ ಎರಚಿದರೆ ನಷ್ಟ ಇನ್ನೂ ಹೆಚ್ಚು. ಯೂರಿಯಾವನ್ನು ಹಸಿ ಗೊಬ್ಬರದ ರಾಶಿಗೆ ಬೆರೆಸಿ ದಿನಗಟ್ಟಲೆ ಇಡುವುದೂ ಇದೇ ಕಾರಣಕ್ಕೆ ಬೇಡ. ಘಾಟು ಬಂತು ಅಂದರೆ ನಿಮ್ಮ ದುಡ್ಡು ಹಾರುತ್ತಿದೆ ಅಂತಲೇ ಲೆಕ್ಕ.

ಜೋರು ಮಳೆ ಬರುವ ಹಾಗಿದ್ದರೆ ಒಂದೆರಡು ದಿನ ತಡೆಯಿರಿ. ಹೊಲದಲ್ಲಿ ನೀರು ನಿಂತಿದ್ದರೆ ಮೊದಲು ಬಸಿದು ಹೋಗಲಿ. ನಿಂತ ನೀರಿನಲ್ಲಿ ನೈಟ್ರೇಟ್ ಅನಿಲವಾಗಿ ಹೋಗುತ್ತದೆ. ಮರಳು ಮಣ್ಣಿನವರು ಇದೇ ಯೂರಿಯಾವನ್ನು ಮೂರು ಕಂತು ಮಾಡಿಕೊಳ್ಳಿ. ಎಲೆ ಸುಳಿಯೊಳಗೆ ಯೂರಿಯಾ ಕಾಳು ಬೀಳದ ಹಾಗೆ ನೋಡಿಕೊಳ್ಳಿ, ಸುಳಿ ಸುಡುತ್ತದೆ.

ಹಂತ 7: ವಾರಕ್ಕೊಮ್ಮೆ ಎಲೆ ನೋಡಿ

ಕೆಳಗಿನ ಹಳೆ ಎಲೆಯಲ್ಲಿ ತುದಿಯಿಂದ ನಡುನರದ ಗುಂಟ ಹಳದಿ ಬಾಣದ ಹಾಗೆ ಒಳಗೆ ನುಗ್ಗುತ್ತಿದ್ದರೆ ಸಾರಜನಕ ಸಾಲದು. ಹಳೆ ಎಲೆಯ ಅಂಚು ಸುಟ್ಟಂತೆ ಆಗಿ ನಡುಭಾಗ ಹಸಿರಾಗಿದ್ದರೆ ಪೊಟ್ಯಾಷ್. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರು ಜಾಸ್ತಿ. ನಡುವಿನಿಂದ ಹಳದಿಯಾ, ಅಂಚಿನಿಂದ ಹಳದಿಯಾ, ಅಷ್ಟು ನೋಡಿದರೆ ಸಾಕು. ಎಳೆ ಪೈರು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ ಇರಬಹುದು. ಚಳಿಗೂ ಹಾಗಾಗುತ್ತದೆ, ಬಿಸಿಲು ಬಂದ ಮೇಲೆ ತಾನೇ ಸರಿಹೋದರೆ ಚಿಂತೆ ಇಲ್ಲ. ಹೊಸ ಎಲೆಯಲ್ಲಿ ನಡುನರದ ಎರಡೂ ಪಕ್ಕ ಬಿಳಿಚಿದ ಪಟ್ಟೆ ಬಂದರೆ ಅದು ಸತು.

ಹಂತ 8: ಒಂದು ಪಟ್ಟಿ ಬಿಟ್ಟು ನೋಡಿ

ನನ್ನ ಅಂಕಿಗಳನ್ನೂ ಸುಮ್ನೆ ನಂಬಬೇಡಿ, ನಿಮ್ಮ ಹೊಲವನ್ನೇ ಕೇಳಿ. ಹೊಲದ ಒಂದೇ ತರಹದ ಮಣ್ಣಿರುವ ಜಾಗದಲ್ಲಿ ಆರಾರು ಸಾಲಿನ ಮೂರು ಪಟ್ಟಿ ಗುರುತು ಮಾಡಿ, ಗೂಟ ನೆಡಿ. ಒಂದಕ್ಕೆ ರಸಗೊಬ್ಬರ ಮಾತ್ರ. ಇನ್ನೊಂದಕ್ಕೆ ಗೊಬ್ಬರ, ಅದರ ಜೊತೆ ಹಂತ 3ರಲ್ಲಿ ಲೆಕ್ಕ ಹಾಕಿದಷ್ಟು ರಸಗೊಬ್ಬರ. ಮೂರನೆಯದಕ್ಕೆ ಗೊಬ್ಬರ, ಆದರೆ ಯೂರಿಯಾ ಕಾಲು ಭಾಗ ಕಡಿಮೆ. ಬೀಜ, ಬಿತ್ತನೆ ದಿನ, ನೀರು ಎಲ್ಲ ಒಂದೇ ಇರಲಿ.

ಕಾಳು ಗಟ್ಟಿಯಾದ ಮೇಲೆ ಪ್ರತಿ ಪಟ್ಟಿಯ ನಡುವಿನ ಸಾಲುಗಳಲ್ಲಿ 10 ಮೀಟರ್ ಅಳೆದು ತೆನೆ ಎಣಿಸಿ. ಅಂಚಿನ ಸಾಲು ಬೇಡ, ಅದಕ್ಕೆ ಪಕ್ಕದ ಪಟ್ಟಿಯದ್ದೂ ಸಿಕ್ಕಿರುತ್ತದೆ. ದೊಡ್ಡ ತೆನೆ ಆರಿಸಬೇಡಿ, ಐದಕ್ಕೊಂದರಂತೆ ಕೈಗೆ ಬಂದದ್ದನ್ನು ಮುರಿದು ರವದಿ, ಅಂದರೆ ತೆನೆಯ ಹೊರ ಸಿಪ್ಪೆ, ಬಿಚ್ಚಿ. ಸುತ್ತಲೂ ಎಷ್ಟು ಸಾಲು, ಒಂದು ಸಾಲಿನಲ್ಲಿ ಎಷ್ಟು ಕಾಳು ಅಂತ ಎಣಿಸಿ. 14 ಸಾಲು, ಸಾಲಿಗೆ 30 ಕಾಳು ಅಂದರೆ ತೆನೆಗೆ 420. ಸಾವಿರ ಒಣ ಕಾಳು ಸುಮಾರು 270 ಗ್ರಾಂ ತೂಗಿದರೆ ಒಂದು ತೆನೆಯಿಂದ 113 ಗ್ರಾಂ. ಎಕರೆಗೆ 25,000 ತೆನೆ ಇದ್ದರೆ 28 ಕ್ವಿಂಟಾಲ್ ಆಯಿತು.

ಎರಡನೇ ಮತ್ತು ಮೂರನೇ ಪಟ್ಟಿ ಸಮ ಬಂದರೆ ಮುಂದಿನ ಸಲ ಅಷ್ಟು ಯೂರಿಯಾ ಇಳಿಸಿ. ಮೂರನೆಯದರಲ್ಲಿ ತೆನೆಯ ತುದಿ ಎರಡು ಬೆರಳಷ್ಟು ಬೋಳಾಗಿದ್ದು, ಎರಡನೆಯದು ತುದಿವರೆಗೂ ತುಂಬಿದ್ದರೆ ನಿಮ್ಮ ಮಣ್ಣು ಇನ್ನೂ ಅದಕ್ಕೆ ತಯಾರಿಲ್ಲ. ಮೂರೂ ಪಟ್ಟಿಯ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ, ಗೊಬ್ಬರ ಎಷ್ಟು ಟನ್ ಹಾಕಿದಿರಿ ಅನ್ನುವುದನ್ನೂ ಅದರ ಪಕ್ಕದಲ್ಲೇ. ಗೂಟ ಕೀಳಬೇಡಿ, ಮುಂದಿನ ವರ್ಷವೂ ಅದೇ ಪಟ್ಟಿಗಳಲ್ಲೇ ನೋಡಬೇಕು.